ಕಿಬ್ಬೊಟ್ಟೆಯ ಕ್ಯಾಥೆಟರ್: ಚುಚ್ಚಿ ಹಾಕಿಸುವುದೋ, ತೆರೆದು ಹಾಕಿಸುವುದೋ?

ಕಿಬ್ಬೊಟ್ಟೆಯ ಮೂಲಕ ಮೂತ್ರಕೋಶಕ್ಕೆ ಕ್ಯಾಥೆಟರ್ (ಮೂತ್ರ ಹೊರತರುವ ನಳಿಕೆ) ಹಾಕುವಾಗ ಹೆಚ್ಚು ಅಂಜಬೇಕಾದದ್ದು ಕರುಳಿನ ಗಾಯಕ್ಕೆ, ಶೇ. 2.4ರವರೆಗೆ ವರದಿಯಾಗಿರುವ ಈ ತೊಡಕು ಪ್ರಾಣಕ್ಕೇ ಎರವಾಗಬಲ್ಲದು. ಮೂತ್ರಕೋಶ ಚೆನ್ನಾಗಿ ತುಂಬುವ, ಹಿಂದೆ ಕೆಳಹೊಟ್ಟೆಯ ಶಸ್ತ್ರಚಿಕಿತ್ಸೆ ಆಗಿರದವರಿಗೆ, ಸ್ಥಳೀಯ ಅರಿವಳಿಕೆ ಕೊಟ್ಟು ಅಲ್ಟ್ರಾಸೌಂಡ್ ನೋಡುತ್ತ ಚುಚ್ಚಿ ಹಾಕುವ ವಿಧಾನ ಸಾಕು. ಗಾಯ ಸಣ್ಣದು, ಚೇತರಿಕೆ ಬೇಗ. ಆದರೆ ಹಳೆಯ ಹೊಲಿಗೆಯ ಗುರುತಿರುವವರಲ್ಲಿ, ಅಥವಾ ಮೂತ್ರಕೋಶ ಕುಗ್ಗಿ ಹೋದವರಲ್ಲಿ, ಕರುಳಿನ ಒಂದು ಮಡಿಕೆ ಸೂಜಿಯ ದಾರಿಗೇ ಅಡ್ಡ ಬಂದಿರಬಹುದಾದ್ದರಿಂದ, ಕಣ್ಣಾರೆ ಕಂಡು ಕರುಳನ್ನು ಸರಿಸಿ ನಳಿಕೆ ಇಡುವ ತೆರೆದ ಶಸ್ತ್ರಚಿಕಿತ್ಸೆಯೇ, ಹೆಚ್ಚಿನ ಅರಿವಳಿಕೆ ಬೇಕಾದರೂ, ಮೇಲೆಂದು ನನಗನ್ನಿಸುತ್ತದೆ. ಅಲ್ಲಿಯೂ ಅಪಾಯ ಸೊನ್ನೆಯಲ್ಲ. ಹೊಟ್ಟೆನೋವು ಏರುತ್ತಿದ್ದರೆ, ಜ್ವರ, ವಾಂತಿ ಬಂದರೆ ಅಥವಾ ನಳಿಕೆಯಲ್ಲಿ ಮಲ ಕಂಡರೆ ತಡಮಾಡಬಾರದು. ಕೆಲವರಲ್ಲಂತೂ ನಳಿಕೆ ಕರುಳನ್ನು ತೂರಿಹೋಗಿರುವುದು ವಾರಗಳ ಬಳಿಕ, ಮೊದಲ ಸಲ ಅದನ್ನು ಬದಲಿಸುವಾಗಷ್ಟೇ ಬಯಲಾಗುತ್ತದೆ.