ದಿಶಾಂಕ್ ಆ್ಯಪ್ ರಿವ್ಯೂ: ನಿಮ್ಮೂರ ಹೊಲ, ಕೆರೆ, ದಾರಿ ಓದೋಕೆ

ಜಮೀನು ತೋರ್ಸೋ ಬ್ರೋಕರ್‌ಗಳು ಕಾರಿಂದ ಇಳಿಯೋ ಮುಂಚೆನೇ ಸರ್ವೆ ಮ್ಯಾಪ್ ತೋರ್ಸೋ ದಿಶಾಂಕ್ ಆ್ಯಪ್ ಓಪನ್ ಮಾಡ್ತಾರೆ, ಜಾಗ ರಾಜಕಾಲುವೆ ಮೇಲಿದ್ಯಾ, ಕೆರೆ ಅಂಗಳದಲ್ಲಿದ್ಯಾ, ದನ ಮೇಯೋಕೆ ಬಿಟ್ಟ ಗೋಮಾಳನಾ ಅಂತ ನೋಡೋಕೆ. ಆ ಕೆಲಸಕ್ಕೆ ಆ್ಯಪ್ ಚೆನ್ನಾಗಿದೆ, ಅದನ್ನ ಹೇಳ್ಕೊಡೋ ವಿಡಿಯೋಗಳೂ ಬೇಕಾದಷ್ಟಿವೆ, ಅದನ್ನೇ ಮತ್ತೆ ಹೇಳಲ್ಲ. ನಂಗೆ ಇದು ಇಷ್ಟ ಆಗಿರೋದು ನಮ್ಮ ಬೇಸಾಯದ ಇತಿಹಾಸ ಓದೋಕೆ. ಊರು ಯಾಕೆ ಅಲ್ಲೇ ಕೂತಿದೆ, ಗದ್ದೆಗಳು ಯಾಕೆ ಅಷ್ಟು ಚಿಕ್ಕಚಿಕ್ಕವು, ಹೊಲ ಯಾಕೆ ಅಷ್ಟಗಲ, ದನ ಎಲ್ಲಿ ಮೇಯ್ತಿದ್ವು, ಎಲ್ಲಾ ಅದರ ಮ್ಯಾಪಿನ ಗೆರೆಗಳಲ್ಲೇ ಇದೆ. ಹಳ್ಳಿ ಬಗ್ಗೆ ಆಸಕ್ತಿ ಇರೋ ಪ್ರತಿಯೊಬ್ರ ಫೋನಲ್ಲೂ ಇದು ಇರ್ಲೇಬೇಕು ಅಂತ ನಾನು ಗಟ್ಟಿಯಾಗಿ ಹೇಳ್ತೀನಿ.

ಗೊತ್ತಿಲ್ದೋರಿಗೆ ಚುಟುಕಾಗಿ: ಇದು ಸರ್ಕಾರದ ಆ್ಯಪ್, ಸರ್ವೆ ಸೆಟ್ಲ್‌ಮೆಂಟ್ ಮತ್ತು ಭೂದಾಖಲೆಗಳ ಇಲಾಖೆಯದ್ದು, ಮಾಡಿಕೊಟ್ಟಿದ್ದು ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರ. ದುಡ್ಡು ಕೊಡ್ಬೇಕಿಲ್ಲ. ನೀವು ನಿಂತಿರೋ ಜಾಗದ ಸರ್ವೆ ನಂಬರ್, ಊರು, ಹೋಬಳಿ, ತಾಲ್ಲೂಕು ತೋರಿಸತ್ತೆ, ಅಲ್ಲಿಂದ ಪಹಣಿ ವಿವರಕ್ಕೂ ಹೋಗ್ಬೋದು. ಮನೇಲೇ ಕೂತು ಜಿಲ್ಲೆ, ತಾಲ್ಲೂಕು, ಊರು ಆರಿಸಿ ಸರ್ವೆ ನಂಬರ್ ಹಾಕಿ ಹುಡುಕ್ಬೋದು. ಕೆಳಗಡೆ ಸ್ಯಾಟಲೈಟ್ ಚಿತ್ರ, ಮೇಲೆ ಜಮೀನುಗಳ ಗಡಿ ಗೆರೆ, ಅಷ್ಟೇ.

ಆ ಗೆರೆಗಳು ಎಲ್ಲಿಂದ ಬಂದ್ವು ಅನ್ನೋದೇ ಮುಖ್ಯ. ಬಹಳಷ್ಟು ಜನ ಇದನ್ನ ಸ್ಯಾಟಲೈಟ್ ನೋಡ್ಕೊಂಡು ಎಳೆದಿದ್ದಾರೆ ಅಂದ್ಕೊಂಡಿದ್ದಾರೆ. ಹಾಗಲ್ಲ, ಇವು ಹಳೇ ಗ್ರಾಮ ನಕಾಶೆಯ ಗೆರೆಗಳು. ಮೈಸೂರು ಸಂಸ್ಥಾನದಲ್ಲಿ ರೆವಿನ್ಯೂ ಸರ್ವೆ ಶುರುವಾಗಿದ್ದು 1863ರಲ್ಲಿ, ಧಾರವಾಡ ಬೆಳಗಾವಿ ಕಡೆ ಬಾಂಬೆ ಪ್ರೆಸಿಡೆನ್ಸಿ ಇದ್ದಿದ್ರಿಂದ ಅದಕ್ಕೂ ಮುಂಚೆನೇ. 33 ಅಡಿ ಸರಪಳಿ ಹಿಡ್ಕೊಂಡು ಊರೂರು ಅಳೆದ್ರು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಅಂದ್ರೆ ಒಂದು ಗುಂಟೆ, 1089 ಚದರಡಿ, ಅಂಥ 40 ಸೇರಿದ್ರೆ ಎಕರೆ. ಇವತ್ತಿಗೂ ಗುಂಟೆ ಲೆಕ್ಕದಲ್ಲೇ ಮಾತಾಡ್ತೀವಲ್ಲ, ಆ ಸರಪಳಿ ಇನ್ನೂ ನಮ್ಮ ಬಾಯಲ್ಲಿದೆ. ಅಳೆದಿದ್ದನ್ನ ಮೈಲಿಗೆ 8 ಇಂಚಿನ ಸ್ಕೇಲಲ್ಲಿ ಕಾಗದಕ್ಕೆ ಇಳಿಸಿದ್ರು. ಆ ನಕಾಶೆಗಳನ್ನ ಕಂಪ್ಯೂಟರ್‌ಗೆ ಹಾಕಿ ಸ್ಯಾಟಲೈಟ್ ಚಿತ್ರದ ಮೇಲೆ ಕೂರ್ಸಿದ್ದೇ ದಿಶಾಂಕ್. ಅಂದ್ರೆ ನಿಮ್ಮ ಫೋನಲ್ಲಿರೋದು ನೂರೈವತ್ತು ವರ್ಷದ ಹಿಂದಿನ ಬೇಸಾಯದ ಚಿತ್ರ.

ಆಗಿನ ಸರ್ವೆ ನಂಬರ್‌ನ ಸೈಜು ಸುಮ್ನೆ ಇಟ್ಟಿದ್ದಲ್ಲ, ಒಂದು ಜೋಡಿ ಎತ್ತು ಎಷ್ಟು ಭೂಮಿ ಉಳ್ಬೋದು ಅನ್ನೋದನ್ನ ಮನಸಲ್ಲಿಟ್ಕೊಂಡು ಮಾಡಿದ್ದು. ಅದಕ್ಕೇ ಖುಷ್ಕಿಯಲ್ಲಿ (ಮಳೆ ನಂಬಿದ ಹೊಲ) ನಂಬರ್‌ಗಳು ದೊಡ್ಡದು, ತರಿ (ನೀರಾವರಿ ಗದ್ದೆ) ಜಮೀನಲ್ಲಿ ಚಿಕ್ಕದು. ಹಳೇ ಮೈಸೂರು ಕಡೆ ಬಯಲುಸೀಮೆಯ ಒಂದು ಊರನ್ನ ತೆಗೀರಿ, ತುಮಕೂರೋ ಹಾಸನದ ಅರಸೀಕೆರೆ ಕಡೆಯೋ, ಸ್ವಲ್ಪ ಝೂಮ್ ಔಟ್ ಮಾಡಿ. ಮೊದ್ಲು ಕೆರೆ ಕಾಣತ್ತೆ, ಏರಿಯ ಹಿಂದೆ ನೀರು ಬಿಡೋ ತೂಬಿನ ಕೆಳಗೆ ಸಣ್ಣಸಣ್ಣ ಗದ್ದೆ ನಂಬರ್‌ಗಳು ಒತ್ತೊತ್ತಾಗಿ, ಅಂಚಲ್ಲಿ ತೆಂಗು ಅಡಿಕೆಯ ಬಾಗಾಯ್ತು, ಮೇಲಿನ ಏರುಜಾಗದಲ್ಲಿ ಮನೆಗಳಿರೋ ಗ್ರಾಮಠಾಣ (ನೀರು ಹತ್ತೋ ಭೂಮಿನ ಮನೆ ಕಟ್ಟಿ ಹಾಳು ಮಾಡ್ತಿರ್ಲಿಲ್ಲ, ಎಷ್ಟು ಬುದ್ಧಿವಂತಿಕೆ ನೋಡಿ), ಅದ್ರಾಚೆ ರಾಗಿ ಹೊಲದ ದೊಡ್ಡ ನಂಬರ್‌ಗಳು, ಕಟ್ಟಕಡೆಗೆ ಊರ ಗಡಿ ಹತ್ರ ಗೋಮಾಳ. ಗುಂಡುತೋಪು, ಸ್ಮಶಾನ, ಬಂಡಿದಾರಿ ಎಲ್ಲಕ್ಕೂ ಜಾಗ ಬಿಟ್ಟಿರ್ತಾರೆ. ತುಂಬಿದ ನೀರು ಹೊರಗೆ ಹರಿಯೋ ಕೋಡಿಯಿಂದ ಹೊರಟ ಹಳ್ಳ ಹಿಡ್ಕೊಂಡು ಬೆರಳಲ್ಲಿ ಹೋಗ್ತಾ ಇರಿ, ಮುಂದಿನೂರ ಕೆರೆಗೆ ಸಿಗತ್ತೆ, ಅದರ ಕೋಡಿ ಇನ್ನೊಂದಕ್ಕೆ. ಒಂದೊಂದು ಕೆರೆ ಸಾಲಿನ ಜೊತೆಗೇ ಊರುಗಳ ಸಾಲು. ಇದನ್ನ ಪಾಠದಲ್ಲಿ ಓದಿದ್ದಕ್ಕೂ ಕಣ್ಣಲ್ಲಿ ನೋಡೋದಕ್ಕೂ ಬಹಳ ವ್ಯತ್ಯಾಸ ಇದೆ.

ಮಂಡ್ಯ ಕಡೆ ಹೋದ್ರೆ ಇನ್ನೊಂದು ಪದರ ಸಿಗತ್ತೆ. ಕನ್ನಂಬಾಡಿ ಕೆಲಸ ಶುರುವಾಗಿದ್ದು 1911ರಲ್ಲಿ, ಆಮೇಲೆ ವಿಶ್ವೇಶ್ವರಯ್ಯ ನಾಲೆ ಬಂತು, 1933ಕ್ಕೆ ಸಕ್ಕರೆ ಫ್ಯಾಕ್ಟರಿನೂ ಬಂತು. ಆದ್ರೆ ಸರ್ವೆ ಆಗಿದ್ದು ಅದಕ್ಕೂ ಮುಂಚೆ! ಹಾಗಾಗಿ ನಾಲೆ ಹಳೇ ಹೊಲಗಳನ್ನ ಅಡ್ಡಡ್ಡ ಸೀಳ್ಕೊಂಡು ಹೋಗತ್ತೆ, ಕಬ್ಬು ಭತ್ತ ತುಂಬಿರೋ ಕಡೆ ಗೆರೆ ಮಾತ್ರ ರಾಗಿ ಕಾಲದ ಹೊಲದ್ದು. ನೀರು ಬಂದ್ಮೇಲೆ ದೊಡ್ಡ ನಂಬರ್ ಒಡೆದು ಹಿಸ್ಸಾ (ಪಾಲು) ಆಗಿದ್ದೂ ಪಹಣಿ ತೆರೆದ್ರೆ ಕಾಣತ್ತೆ.

ಮಲೆನಾಡು, ಕರಾವಳಿಗೆ ಬಂದ್ರೆ ಈ ಲೆಕ್ಕಾಚಾರವೇ ಬೇರೆ. ಅಲ್ಲಿ ಎಲ್ಲರೂ ಒಂದೇ ಕಡೆ ಗುಂಪು ಕಟ್ಕೊಂಡು ಇರಲ್ಲ, ತೋಟದ ಪಕ್ಕಕ್ಕೊಂದು ಮನೆ, ಕಣಿವೇಲಿ ಹಾವಿನ ಥರ ಹರಿಯೋ ಅಡಿಕೆ ತೋಟ, ಸುತ್ತ ಬೆಟ್ಟ. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ ಹತ್ತಿರ ಹತ್ತಿರ 9 ಎಕರೆ ಸೊಪ್ಪಿನ ಬೆಟ್ಟ ಅಂತ ಬಿಟ್ಟಿದ್ರು, ಗೊಬ್ಬರಕ್ಕೆ ಸೊಪ್ಪು ಬೇಕಲ್ಲ. ದಕ್ಷಿಣ ಕನ್ನಡದಲ್ಲಿ ಕುಮ್ಕಿ, ಅಂದ್ರೆ ಸ್ವಂತ ಹಿಡುವಳಿ (ವರ್ಗ) ಜಾಗದಿಂದ 100 ಗಜದವರೆಗೆ ಸೊಪ್ಪು ಸೌದೆ ತಗೊಳ್ಳೋ ಹಕ್ಕು. ಒಂದು ತೋಟ ಬದುಕೋಕೆ ಅದಕ್ಕಿಂತ ಎಷ್ಟು ದೊಡ್ಡ ಕಾಡು ಬೇಕಾಗಿತ್ತು ಅಂತ ಮ್ಯಾಪ್ ನೋಡಿದ್ರೆ ಎರಡೇ ನಿಮಿಷಕ್ಕೆ ಅರ್ಥ ಆಗತ್ತೆ. ಉತ್ತರದ ಕಪ್ಪುಮಣ್ಣಿನ ಎರೆಸೀಮೆ ಉಲ್ಟಾ: ಊರಿಂದ ಊರಿಗೆ ದೂರ, ಊರು ದೊಡ್ಡದು, ಹೊಲ ವಿಶಾಲ.

ನಂಗೆ ತುಂಬಾ ಕಾಡಿದ್ದು ಬೇಚಿರಾಕ್ ಊರುಗಳು. ಹೊಲದ ಮಧ್ಯೆ ಎಲ್ಲೋ ಒಂದು ಕಡೆ ಟ್ಯಾಪ್ ಮಾಡಿದ್ರೆ ಬೇರೆಯದೇ ಒಂದು ಊರಿನ ಹೆಸರು ಬರತ್ತೆ, ಸರ್ವೆ ನಂಬರ್ 1ರಿಂದ ಶುರುವಾಗತ್ತೆ, ಆದ್ರೆ ಸ್ಯಾಟಲೈಟ್ ಚಿತ್ರದಲ್ಲಿ ಒಂದೇ ಒಂದು ಮನೆ ಇಲ್ಲ. ಜನ ಬಿಟ್ಟುಹೋದ ಊರು, ದಾಖಲೆಯಲ್ಲಿ ಮಾತ್ರ ಊರು. ಬರ, ಪ್ಲೇಗು, ನೀರು ಬತ್ತಿದ್ದು, ಒಂದೊಂದಕ್ಕೆ ಒಂದೊಂದು ಕಾರಣ. 1876-78ರ ಬರದ ಆಸುಪಾಸಿನ ಜನಗಣತಿ ನೋಡಿ, ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ 50 ಲಕ್ಷ ದಾಟಿದ್ದ ಜನ 1881ಕ್ಕೆ 42 ಲಕ್ಷದೊಳಗೆ ಬಂದಿದ್ರು. ಹತ್ತು ವರ್ಷದಲ್ಲಿ ಎಷ್ಟು ಒಲೆ ಆರಿರ್ಬೇಕು ಯೋಚನೆ ಮಾಡಿ. ಎಷ್ಟೋ ಕಡೆ ಹಳೇ ಗುಡಿಯೊಂದು, ವೀರಗಲ್ಲೊಂದು ಉಳ್ಕೊಂಡಿರತ್ತೆ, ಪಕ್ಕದೂರಿನೋರು ವರ್ಷಕ್ಕೊಂದು ಸಲ ಹೋಗಿ ಪೂಜೆ ಮಾಡ್ತಾರೆ. ಶಾಸನ ಹುಡುಕೋ ಹವ್ಯಾಸ ಇರೋರಿಗೆ ಈ ಹೆಸರುಗಳೇ ದೊಡ್ಡ ಸುಳಿವು.

ಇನ್ನು ನಂಗೆ ಬೇಜಾರಾಗೋ ವಿಷ್ಯ. ಗೆರೆ ಎಳೆದಿದ್ದು ಕಂದಾಯಕ್ಕೆ, ಹಾಗಾಗಿ ಕಂದಾಯ ಕಟ್ಟಿದೋರ ಹೊಲ ಇದೆ, ಅದೇ ಊರ ಅಂಚಲ್ಲಿ ತಲೆತಲಾಂತರದಿಂದ ಇದ್ದ ಗೊಲ್ಲರಹಟ್ಟಿ, ಲಂಬಾಣಿ ತಾಂಡಾ, ಬುಡಕಟ್ಟಿನೋರ ಹಾಡಿ ಇವಕ್ಕೆ ಎಷ್ಟೋ ಕಡೆ ಗ್ರಾಮಠಾಣವೇ ಇಲ್ಲ. ಚಿತ್ರದಲ್ಲಿ ನೂರು ಮನೆ ಕಾಣತ್ತೆ, ಗೆರೆ ಪ್ರಕಾರ ಅದು ಒಂದು ಸರ್ವೆ ನಂಬರ್. ಈಗೀಗ ಇಂಥವನ್ನ ಕಂದಾಯ ಗ್ರಾಮ ಮಾಡೋ ಕೆಲಸ ನಡೀತಿದೆ, 2023ರ ಜನವರಿಯಲ್ಲಿ ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ಕೊಟ್ರು. ಕಂದಾಯ ಗ್ರಾಮ ಆಗಿರೋ ಹಟ್ಟಿ ತಾಂಡಾಗಳ ಹೆಸರು, ಗಡಿ ಎಲ್ಲಾ ಮ್ಯಾಪ್ ಮೇಲೆ ಬೇಗ ಬರ್ಬೇಕು, ಬೇರೆ ಯಾವ ಫೀಚರ್‌ಗಿಂತ ಮೊದ್ಲು ಇದು ಆಗ್ಬೇಕು ಅಂತ ನನ್ನ ಆಸೆ.

ಬಳಸೋರಿಗೆ ಕೆಲವು ಮಾತು. ಗೆರೆ ಹತ್ತಿಪ್ಪತ್ತು ಅಡಿ ಆಚೀಚೆ ಇದ್ರೆ ಗಾಬರಿ ಬೇಡ, ಹಳೇ ಕಾಗದ ಹಿಗ್ಗಿ ಕುಗ್ಗಿರತ್ತೆ, ಫೋನಿನ ಜಿಪಿಎಸ್ ಕೂಡ ಜಾರತ್ತೆ, ಒಂದೊಂದು ಊರನ್ನ ಬೇರೆ ಬೇರೆಯಾಗಿ ಅಳೆದಿದ್ರಿಂದ ಗಡಿ ಸೇರೋ ಕಡೆ ಒಂದರ ಮೇಲೊಂದು ಬಿದ್ದಿರೋದೂ ಇದೆ. ಇದನ್ನ ತೋರ್ಸಿ ಬದು ಜಗಳ ಮಾಡ್ಬೇಡಿ ಪ್ಲೀಸ್, ಹದ್ದುಬಸ್ತಿಗೆ (ಗಡಿ ಅಳೆದು ಗುರುತು ಮಾಡೋಕೆ) ಅರ್ಜಿ ಹಾಕಿ ಸರ್ವೆಯರ್ ಕರೆಸೋದೇ ಸರಿಯಾದ ದಾರಿ. ಒಂದೇ ನಂಬರ್‌ಗೆ ಹತ್ತಾರು ಜನರ ಹೆಸರಿದ್ರೆ ಅದು ಪೋಡಿ ಆಗದ, ಅಂದ್ರೆ ಅಳೆದು ಬೇರೆ ನಂಬರ್ ಮಾಡದ, ಪೈಕಿ ಜಮೀನು ಇರ್ಬೋದು, ಯಾರದ್ದು ಯಾವ ಮೂಲೆ ಅಂತ ಆ್ಯಪ್ ಹೇಳಲ್ಲ. ಖರಾಬು ನೋಡುವಾಗಲೂ ಹುಷಾರು, ಅ ಖರಾಬು ಹೊಲದೋನ ಹಿಡುವಳಿ ಒಳಗೇ ಬರೋ ಉಳೋಕಾಗದ ಜಾಗ, ಬ ಖರಾಬು ದಾರಿ ಹಳ್ಳದಂಥ ಸಾರ್ವಜನಿಕರದ್ದು. ನೆಟ್ ಇಲ್ದಿರೋ ಕಡೆ ಕೆಲಸ ಆಗಲ್ಲ, ಮಲೆನಾಡಿನೋರು ಮನೇಲೇ ನೋಡ್ಕೊಂಡು ಸ್ಕ್ರೀನ್‌ಶಾಟ್ ಇಟ್ಕೊಳ್ಳಿ.

ಒಂದು ಕಾಲದಲ್ಲಿ ಯಾವ ನಂಬರ್ ಎಲ್ಲಿದೆ ಅನ್ನೋದು ಊರಿನ ಲೆಕ್ಕ ಬರೆಯೋ ಶಾನುಭೋಗರಿಗೆ ಮಾತ್ರ ಗೊತ್ತಿರ್ತಿತ್ತು, ಓದು ಬರದ ರೈತ ಅವರ ಜಗಲಿ ಮುಂದೆ ಕೈಕಟ್ಕೊಂಡು ನಿಲ್ಬೇಕಿತ್ತು. 1963ರಲ್ಲಿ ವಂಶಪಾರಂಪರ್ಯ ಶಾನುಭೋಗಿಕೆ ಹೋಯ್ತು, ಪಹಣಿನ ಕಂಪ್ಯೂಟರಿಗೆ ಹಾಕೋ ಭೂಮಿ ಯೋಜನೆ ಬಂದು ಕೈಬರಹದ ಪಹಣಿನೂ ಹೋಯ್ತು, ಈಗ ನಕಾಶೆಯೇ ಎಲ್ಲರ ಜೇಬಿಗೆ ಬಂದಿದೆ. ಇದು ಸಣ್ಣ ವಿಷ್ಯ ಅಲ್ಲ. ಅದಕ್ಕೇ 5ಕ್ಕೆ 4.5 ಕೊಡ್ತೀನಿ, ಉಳಿದ ಅರ್ಧ ಹಟ್ಟಿ ತಾಂಡಾ ಬಂದ ದಿನ.

ಮೊದ್ಲ ಸಲ ಓಪನ್ ಮಾಡೋರು ಭೂದಾಖಲೆ ಇಲಾಖೆ ವೆಬ್‌ಸೈಟಲ್ಲಿ ಸಿಗೋ ನಿಮ್ಮೂರ ಗ್ರಾಮ ನಕಾಶೆ ಪಿಡಿಎಫ್ ಕೂಡ ಇಳಿಸ್ಕೊಳ್ಳಿ. ಹಳೇ ಬಂಡಿದಾರಿ, ಕಾಲುದಾರಿ ಚುಕ್ಕೆ ಗೆರೆಯಲ್ಲಿರತ್ತೆ, ಎರಡನ್ನೂ ಪಕ್ಕಪಕ್ಕ ಇಟ್ಕೊಂಡು ಕೆರೆ ಕೋಡಿಯಿಂದ ಶುರು ಮಾಡಿ, ಮನೇಲಿ ವಯಸ್ಸಾದೋರಿದ್ರೆ ಜೊತೆಗೆ ಕೂರ್ಸ್ಕೊಳ್ಳಿ, ಯಾವ ದಾರಿ ಯಾವ ಸಂತೆಗೆ ಹೋಗ್ತಿತ್ತು ಅಂತ ಅವರು ಹೇಳ್ತಾರೆ.