ಆ ಕಾಲ್‌ನಲ್ಲೇ ರಾಜೀನಾಮೆ ಕೊಟ್ಟುಬಿಡಬೇಡಿ

ಕಳೆದ ಜುಲೈನಲ್ಲಿ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಬೆಂಗಳೂರಿನ ದೊಡ್ಡ ಸಾಫ್ಟ್‌ವೇರ್ ಕಂಪನಿ, ಹೆಸರು ಬೇಡ. ಎರಡು ದಿನದಿಂದ ಕರೆಂಟಿರಲಿಲ್ಲ, ಇನ್ವರ್ಟರ್ ಕೂಗಿಕೊಳ್ಳುತ್ತಿತ್ತು. ಅಷ್ಟರಲ್ಲಿ ಎಚ್‌ಆರ್ ಅವರಿಂದ ವಿಡಿಯೋ ಕಾಲ್. ಮ್ಯಾನೇಜರ್ ಕೂಡ ಇದ್ದರು, ಮಾತಾಡಲಿಲ್ಲ.

"ನಿಮ್ಮ ಹುದ್ದೆ ತೆಗೆದಿದ್ದೇವೆ. ನೀವೇ ರಾಜೀನಾಮೆ ಕೊಟ್ಟರೆ ರಿಲೀವಿಂಗ್ ಲೆಟರ್ ಚೆನ್ನಾಗಿರುತ್ತೆ. ಇಲ್ಲಾಂದ್ರೆ ಟರ್ಮಿನೇಷನ್ ಅಂತ ಬರೆಯಬೇಕಾಗುತ್ತೆ. ಈಗಲೇ ಹೇಳಿ."

ಹೆದರಿಬಿಟ್ಟೆ. ಮಳೆ ಸ್ವಲ್ಪ ಹೊಳವಾಗಿತ್ತು, ಅಪ್ಪಯ್ಯ ಅಂಗಳದಲ್ಲಿ ಅಡಿಕೆಯ ಕೊಳೆ ರೋಗದ ಔಷಧಿಗೆ ಸುಣ್ಣ, ಮೈಲುತುತ್ತ ಕದಡಿಸುತ್ತಿದ್ದರು. ಅವರನ್ನು ಕರೆದು ಒಂದು ಮಾತು ಕೇಳಲಿಲ್ಲ. ಪೋರ್ಟಲ್‌ನಲ್ಲಿ ರಾಜೀನಾಮೆ ಹಾಕಿದೆ.

ಸೇರಿ ಹತ್ತು ತಿಂಗಳಾಗಿತ್ತು. 3 ಲಕ್ಷ ಜಾಯಿನಿಂಗ್ ಬೋನಸ್ ಕೊಟ್ಟಿದ್ದರು. ವರ್ಷದೊಳಗೆ ತಾನಾಗಿ ಕೆಲಸ ಬಿಟ್ಟರೆ ವಾಪಸ್ ಕೊಡಬೇಕು ಅಂತ ಆಫರ್ ಲೆಟರ್‌ನಲ್ಲಿ ಒಂದು ಸಾಲಿತ್ತು. ಅವರೇ ತೆಗೆದರೂ ಕಾಗದದ ಮೇಲೆ ನಾನಾಗಿ ಬಿಟ್ಟ ಹಾಗಾಯಿತಲ್ಲ! ಕೊನೆಯ ಲೆಕ್ಕದಲ್ಲಿ ಪೂರ್ತಿ 3 ಲಕ್ಷ ಕೇಳಿದರು. ತೆರಿಗೆ ಕಳೆದು ನನ್ನ ಕೈಗೆ ಬಂದಿದ್ದು 2 ಲಕ್ಷ ಚಿಲ್ಲರೆ ಮಾತ್ರ. ವರ್ಷ ತುಂಬದ ಕಾರಣ, ಕೊಡುತ್ತೇವೆ ಅಂದಿದ್ದ ಕಂಪನಿ ಷೇರುಗಳೂ ಹೋದವು.

ಅದಕ್ಕಿಂತ ಹೊಟ್ಟೆ ಉರಿದದ್ದು ಇನ್ಶೂರೆನ್ಸ್ ವಿಷಯದಲ್ಲಿ. ಅಮ್ಮನಿಗೆ ಮಣಿಪಾಲದಲ್ಲಿ ಮಂಡಿ ಆಪರೇಷನ್ ಅಂತ ದಿನ ಗೊತ್ತಾಗಿತ್ತು. ಕಂಪನಿಯ ಪಾಲಿಸಿ ಇದೆ, ಸುಮ್ನೆ ಯಾಕೆ ಎರಡೆರಡು ಕಟ್ಟೋದು ಅಂತ ಅವರ ಹಳೇ ಪಾಲಿಸಿಯನ್ನು ಬಿಡಿಸಿದ್ದು ನಾನೇ. ಕೆಲಸದ ಕೊನೆಯ ದಿನಕ್ಕೇ ಕಂಪನಿ ಪಾಲಿಸಿ ಮುಗಿಯಿತು. ಹೊಸದಾಗಿ ಮಾಡಿಸಿದರೆ ಮೊದಲೇ ಇರುವ ಕಾಯಿಲೆಗೆ 3 ವರ್ಷದವರೆಗೂ ಕಾಯಬೇಕಾಗಬಹುದು. ಅಪ್ಪಯ್ಯ ಒಳ್ಳೆ ರೇಟ್ ಬರಲಿ ಅಂತ ಇಟ್ಟುಕೊಂಡಿದ್ದ ಅಡಿಕೆ ಮಾರಿ ಆಸ್ಪತ್ರೆಗೆ ಕಟ್ಟಿದರು. ನನಗೆ ಒಂದು ಮಾತೂ ಅನ್ನಲಿಲ್ಲ. ಅದು ಇನ್ನೂ ಜಾಸ್ತಿ ನೋವು ಕೊಟ್ಟಿತು.

ಇಂಥ ಕಾಲ್ ಬಂದರೆ "ಎಲ್ಲ ಇಮೇಲ್‌ನಲ್ಲಿ ಕಳಿಸಿ, ಓದಿ ಹೇಳುತ್ತೇನೆ" ಅನ್ನಿ. ಅಷ್ಟು ಹೇಳಿ ಕಾಲ್ ಕಟ್ ಮಾಡಿ. ಬೋನಸ್ ವಾಪಸ್ ಕೇಳುವುದಿಲ್ಲ ಅಂತ ಬರೆದುಕೊಡಲಿ. ಐಟಿ ನೌಕರರಿಗೆ ಕರ್ನಾಟಕದಲ್ಲಿ ಕಿಟು ಅಂತ ಯೂನಿಯನ್ ಇದೆ, ಅವರನ್ನೂ ಕೇಳಬಹುದು. ಪೇಸ್ಲಿಪ್, ಸಂಬಳದಲ್ಲಿ ತೆರಿಗೆ ಹಿಡಿದದ್ದಕ್ಕೆ ಕೊಡುವ ಫಾರ್ಮ್ 16, ಆಫರ್ ಲೆಟರ್ ಇವತ್ತೇ ನಿಮ್ಮ ಸ್ವಂತ ಮೇಲ್‌ಗೆ ಹಾಕಿಕೊಳ್ಳಿ. ನನ್ನ ಲ್ಯಾಪ್‌ಟಾಪ್ ಅದೇ ಸಂಜೆ ಲಾಕ್ ಆಯಿತು.

ಅಪ್ಪ ಅಮ್ಮನ ಸ್ವಂತ ಪಾಲಿಸಿ ಮಾತ್ರ ದಯವಿಟ್ಟು ಬಿಡಿಸಬೇಡಿ. ಕಂಪನಿ ಪಾಲಿಸಿಯನ್ನು ಅದೇ ವಿಮಾ ಕಂಪನಿಯಲ್ಲಿ ಸ್ವಂತದ್ದಾಗಿ ಬದಲಾಯಿಸಿಕೊಡಿ ಅಂತ ಕೇಳುವ ಅವಕಾಶವೂ ಇದೆ, ಆದರೆ ಕೆಲಸ ಬಿಡುವ ಮೊದಲೇ ವಿಚಾರಿಸಬೇಕು. ನನಗೆ ಅದು ತಿಳಿದದ್ದು ಅಡಿಕೆ ಮಾರಿದ ಮೇಲೆ.