ಡೆಮೋದಲ್ಲಿ ಬರೀ ಕಮಲ, ಪವನ, ಭರತ ಬಂದ್ರೆ ಅಲ್ಲೇ ಎದ್ದು ಬನ್ನಿ

ಸಹಕಾರ ಸಂಘ, ಚಿಟ್ ಫಂಡ್, ಶಾಲೆ, ಏನೇ ಇರಲಿ. ಒಬ್ಬೊಬ್ಬರ ಹೆಸರು, ಲೆಕ್ಕ ಹಾಕಿ ಕನ್ನಡದಲ್ಲಿ ಪತ್ರ, ಎಸ್ಸೆಮ್ಮೆಸ್, ವಾಟ್ಸಾಪ್ ಕಳಿಸೋ ಸಾಫ್ಟ್‌ವೇರ್ ತಗೊಳ್ಳೋಕೆ ಹೊರಟಿದ್ರೆ ದುಡ್ಡು ಕಟ್ಟೋ ಮುಂಚೆ ಇದನ್ನ ಓದಿ. ಕಂಪನಿ ಹೆಸರು ಬರೆಯಲ್ಲ, ದುಡ್ಡು ವಾಪಸ್ ಕೇಳೋ ಜಗಳ ಇನ್ನೂ ನಡೀತಾ ಇದೆ.

ನಮ್ಮದು ಒಂದು ಪತ್ತಿನ ಸಹಕಾರಿ. ಇಷ್ಟು ವರ್ಷ ವರ್ಡ್‌ನ ಮೇಲ್ ಮರ್ಜ್‌ನಲ್ಲೇ (ಪಟ್ಟಿಯಿಂದ ಒಬ್ಬೊಬ್ಬರ ಹೆಸರು ತಗೊಂಡು ಪತ್ರ ತುಂಬೋ ಸೌಲಭ್ಯ) ಕೆಲಸ ನಡೀತಿತ್ತು. ನಿಧಾನ, ನಿಜ. ಆದ್ರೆ ಯಾರ ಹೆಸರೂ ಕೆಟ್ಟಿರಲಿಲ್ಲ. ಸೆಪ್ಟೆಂಬರ್ ಒಳಗೆ ವಾರ್ಷಿಕ ಮಹಾಸಭೆ ಆಗಬೇಕಲ್ಲ, ಈ ಸಲ ನೋಟಿಸ್ ಜೊತೆಗೇ ಪ್ರತಿಯೊಬ್ಬ ಸದಸ್ಯರ ಷೇರು, ಠೇವಣಿ, ಸಾಲದ ಬಾಕಿ ಒಂದೇ ಹಾಳೆಯಲ್ಲಿ ಹೋಗಲಿ ಅಂತ ಆಡಳಿತ ಮಂಡಳಿಯವರು ಆಸೆಪಟ್ಟರು. ಆಗ ಬಂದರು ಈ ಸಾಫ್ಟ್‌ವೇರ್ ಕಂಪನಿಯ ಪುಣ್ಯಾತ್ಮರು.

ಡೆಮೋ ಬಗ್ಗೆ ಕೇಳಲೇಬೇಡಿ, ಅಷ್ಟು ಚೆನ್ನಾಗಿತ್ತು. ಒಂದೇ ಟೆಂಪ್ಲೇಟ್, ಅದರಿಂದಲೇ ಪಿಡಿಎಫ್, ಅದರಿಂದಲೇ ವಾಟ್ಸಾಪ್, ಅದರಿಂದಲೇ ಎಸ್ಸೆಮ್ಮೆಸ್. ಸಾಲ ಬಾಕಿ ಇದ್ದರೆ ಕೆಂಪು ಚೌಕದಲ್ಲಿ ಮೊತ್ತ, ಇಲ್ಲದಿದ್ದರೆ ಆ ಜಾಗದಲ್ಲಿ ಧನ್ಯವಾದ. ‘ಪ್ರಿಯ ಸದಸ್ಯರಾದ ಕಮಲ ಅವರಿಗೆ’ ಅಂತ ಬಂತು. ಡೆಮೋ ತೋರಿಸೋ ಹುಡುಗ ಒಂದು ಬಟನ್ ಒತ್ತಿದ, ‘ಪವನ’ ಬಂತು. ಇನ್ನೊಂದು, ‘ಭರತ’. ಅಧ್ಯಕ್ಷರು ಅಲ್ಲೇ ಹೂಂ ಅಂದರು. ‘ಆನ್‌ಬೋರ್ಡಿಂಗ್ ಶುಲ್ಕ’ ಅಂತ ಒಂದು ದೊಡ್ಡ ಮೊತ್ತ, ಮೇಲೆ ಶೇ. 18 ಜಿಎಸ್‌ಟಿ. ಕಟ್ಟಿದ್ವಿ.

ಆಮೇಲೆ ನಮ್ಮ ಸದಸ್ಯರ ಪಟ್ಟಿ ಹಾಕಿದಾಗ ಪಿಡಿಎಫ್‌ನಲ್ಲಿ ಬಂದಿದ್ದು ಹೀಗೆ: ‘ಬಸಪ್‌ಪ’. ‘ಮಲ್‌ಲಮ್‌ಮ’. ‘ಸಿದ್‌ದಪ್‌ಪ’. ಒತ್ತು ಕೆಳಗೆ ಇಳಿಯಲೇ ಇಲ್ಲ, ಪಕ್ಕದಲ್ಲೇ ನಿಂತುಬಿಟ್ಟಿತ್ತು. ಲಕ್ಷ್ಮಮ್ಮನ ಹೆಸರಂತೂ ಇಲ್ಲಿ ಬರೆಯೋಕೂ ಮನಸ್ಸಿಲ್ಲ.

ಮತ್ತೆ ಡೆಮೋದಲ್ಲಿ ಹೇಗೆ ಸರಿ ಬಂತು? ಅದೇ ಸ್ಯಾಂಪಲ್ ಟೆಂಪ್ಲೇಟ್ ನಮ್ಮ ಖಾತೆಯಲ್ಲೂ ಇತ್ತು, ತೆಗೆದು ನೋಡಿದೆ. ಕಮಲ, ಪವನ, ಭರತ, ರಮಣ. ಒಂದು ಒತ್ತಕ್ಷರ ಇಲ್ಲ. ಒಂದು ಕೊಂಬು ಇಲ್ಲ, ಒಂದು ದೀರ್ಘ ಇಲ್ಲ! ಒಂದನೇ ಕ್ಲಾಸಿನ ಪುಸ್ತಕದಲ್ಲಿ ಕಾಗುಣಿತಕ್ಕೆ ಮುಂಚೆ ಬರೋ ಪದಗಳ ಹಾಗೆ ಹೆಸರು ಆರಿಸಿ ಇಟ್ಟಿದ್ದಾರೆ. ಹಾಗಾದ್ರೆ ‘ಪ್ರಿಯ ಸದಸ್ಯರಾದ’ ಅನ್ನೋದರಲ್ಲಿ ಒತ್ತು ಇದೆಯಲ್ಲ, ಅದು ಹೇಗೆ ಬಂತು ಅಂತ ಆ ಸಾಲಿನ ಮೇಲೆ ಕ್ಲಿಕ್ ಮಾಡಿದರೆ ಸುತ್ತ ನಾಲ್ಕು ಮೂಲೆಗೆ ಚುಕ್ಕಿ ಬಂತು. ಅದು ಅಕ್ಷರವೇ ಅಲ್ಲ, ಚಿತ್ರ. ಇಡೀ ಪತ್ರದ ಕನ್ನಡ ಒಂದು ಚಿತ್ರ! ಹೆಸರಿನ ಜಾಗ ಮಾತ್ರ ನಿಜವಾದ ಅಕ್ಷರ. ಮೈ ಉರಿದುಹೋಯ್ತು.

ಫೋನ್ ಮಾಡಿದೆ. ಅವರ ಉತ್ತರಗಳು ಕೇಳಿ.

‘ಸರ್, ನಿಮ್ಮ ಡೇಟಾ ಹಳೇ ನುಡಿ ಫಾಂಟಲ್ಲಿ ಇರಬಹುದು.’ ಇಲ್ಲಪ್ಪ, ಯಾವತ್ತೋ ಯೂನಿಕೋಡ್‌ಗೆ ತಂದಿದ್ದೀವಿ. ಅದೇ ಎಕ್ಸೆಲ್ ಪಟ್ಟಿ ವರ್ಡ್‌ಗೆ ಹಾಕಿ ಪಿಡಿಎಫ್ ಮಾಡಿ ಕಳಿಸಿದೆ, ಎಲ್ಲ ಹೆಸರೂ ಸರಿಯಾಗಿತ್ತು. ‘ವರ್ಡ್ ಎಂಜಿನ್ ಬೇರೆ ಸರ್.’ ಗೊತ್ತು ಮಾರಾಯ, ಅದನ್ನೇ ನಾನೂ ಹೇಳ್ತಿರೋದು! ಪ, ಹಲಂತ (ಒತ್ತು ಕೂಡಿಸೋ ಗುರುತು), ಪ ಅಂತ ಮೂರು ಸಂಕೇತ ಬಂದರೆ ಎರಡನೇ ಪ ಕೆಳಗೆ ಕೂರಿಸೋ ಕೆಲಸ ಪತ್ರ ತಯಾರಿಸೋ ಎಂಜಿನ್‌ದು. ಆ ಕೆಲಸಕ್ಕೆ ಹಾರ್ಫ್‌ಬಜ್ ಅಂತ ಸಿದ್ಧ ಪ್ರೋಗ್ರಾಂ ಪುಕ್ಕಟೆ ಸಿಗುತ್ತೆ, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆ ಆಫೀಸ್ ಎಲ್ಲದರಲ್ಲೂ ಅದೇ ಇರೋದು. ಅದಕ್ಕೆ ಬಂದ ಉತ್ತರ: ‘ಹೆಸರು ಇಂಗ್ಲಿಷಲ್ಲಿ ಹಾಕಿ ಸರ್, ಬೇರೆ ಕ್ಲೈಂಟ್ಸ್ ಯಾರೂ ಕಂಪ್ಲೇಂಟ್ ಮಾಡಿಲ್ಲ.’ ಕೊನೆಗೆ ಒಬ್ಬ, ಮ್ಯಾನೇಜರ್ ಅಂತೆ, ಕೇಳಿದ: ‘ಒತ್ತು ಇಲ್ಲದೇ ಬರೆಯೋಕೆ ಆಗಲ್ವಾ ಸರ್? ಬಸಪ ಅಂತ?’

ಬಸಪ ಅಂತೆ! ಮನುಷ್ಯನ ಹೆಸರನ್ನೇ ತಿದ್ದಬೇಕಂತೆ, ಇವರ ಸಾಫ್ಟ್‌ವೇರ್‌ಗೋಸ್ಕರ.

ಇದರ ಮಧ್ಯೆ ‘ಟೆಸ್ಟ್’ ಅಂತ ಹೇಳಿ ಒಂದಷ್ಟು ಪತ್ರಗಳನ್ನ ನಿಜವಾದ ಸದಸ್ಯರ ವಾಟ್ಸಾಪ್‌ಗೇ ಕಳಿಸಿಬಿಟ್ಟರು. ಹಿರಿಯರೊಬ್ಬರು ಮೊಬೈಲ್ ಹಿಡ್ಕೊಂಡು ಕೌಂಟರ್‌ಗೆ ಬಂದು, ‘ಷೇರು ಹಾಕೋವಾಗ ನನ್ನ ಹೆಸರು ಸರಿಯಾಗಿ ಬರ್ಕೊಂಡಿದ್ರಲ್ಲಪ್ಪ’ ಅಂದರು. ನಾಲ್ಕು ಜನ ಇದ್ದರು ಎದುರಿಗೆ. ನಾನು ಏನು ಹೇಳಲಿ?

ಎಸ್ಸೆಮ್ಮೆಸ್ ಕಥೆ ಇನ್ನೊಂದು. ‘ಒಂದು ಮೆಸೇಜಿಗೆ ಇಷ್ಟು ಪೈಸೆ’ ಅಂದಿದ್ದರು, ಬಿಲ್ ಮೂರು ಪಟ್ಟು ಬಂತು. ಇಂಗ್ಲಿಷ್ ಆದರೆ 160 ಅಕ್ಷರಕ್ಕೆ ಒಂದು ಎಸ್ಸೆಮ್ಮೆಸ್, ಕನ್ನಡಕ್ಕೆ 70. ಅದು ದಾಟಿದರೆ 67ರ ತುಂಡು. ಅದೂ ನಮ್ಮ ಕಣ್ಣಿಗೆ ಕಾಣೋ ಅಕ್ಷರ ಅಲ್ಲ, ಒಳಗಿನ ಒಂದೊಂದು ಸಂಕೇತವೂ ಲೆಕ್ಕ. ಲಕ್ಷ್ಮಮ್ಮ ನಮಗೆ ಮೂರಕ್ಷರ, ಅವರ ಲೆಕ್ಕದಲ್ಲಿ 9. ಕೇಳಿದರೆ ‘ಎಗ್ರಿಮೆಂಟಲ್ಲಿ ಯೂನಿಕೋಡ್ ಕ್ರೆಡಿಟ್ ಅಂತ ಇದೆಯಲ್ಲ ಸರ್’ ಅಂತಾರೆ. ಇದೆ, ಕೊನೇ ಪುಟದ ಅನುಬಂಧದಲ್ಲಿ. ವಾಟ್ಸಾಪ್‌ನಲ್ಲೂ ಅದೇ ಕೈಚಳಕ. ಸಭೆಯ ನೋಟಿಸ್ ಕೆಳಗೆ ‘ನಮ್ಮ ಹೊಸ ಠೇವಣಿ ಯೋಜನೆ ನೋಡಿ’ ಅಂತ ಒಂದು ಸಾಲು ಅವರೇ ಸೇರಿಸಿದ್ದರು. ಆ ಒಂದು ಸಾಲಿಗೆ ಅದು ಮಾರ್ಕೆಟಿಂಗ್ ಟೆಂಪ್ಲೇಟ್ ಆಯ್ತು, ಅದಕ್ಕೆ ದರ ಜಾಸ್ತಿ.

ಎಲ್ಲಕ್ಕಿಂತ ದೊಡ್ಡದು ಡಿಎಲ್‌ಟಿ, ಅಂದ್ರೆ ಸಂಸ್ಥೆಗಳು ಎಸ್ಸೆಮ್ಮೆಸ್ ಕಳಿಸೋಕೆ ಮಾಡಿಸಬೇಕಾದ ನೋಂದಣಿ. ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ 2018ರ ನಿಯಮದ ಪ್ರಕಾರ ಹೆಡರ್ (ಕಳಿಸೋರ ಹೆಸರು), ಟೆಂಪ್ಲೇಟ್ ಎರಡೂ ಮೊದಲೇ ನೋಂದಣಿ ಆಗಿರಬೇಕು, ಕಳಿಸೋ ಸಂದೇಶ ಅದಕ್ಕೆ ತಾಳೆ ಆಗದಿದ್ದರೆ ಹೋಗೋದೇ ಇಲ್ಲ. 2021ರ ಮಾರ್ಚಲ್ಲಿ ಆ ತಾಳೆ ಶುರುವಾದಾಗ ಬ್ಯಾಂಕುಗಳ ಓಟಿಪಿಯೇ ನಿಂತಿದ್ದು ನೆನಪಿರಬಹುದು. ‘ನೋಂದಣಿ ಎಲ್ಲ ನಾವೇ ಮಾಡ್ತೀವಿ ಸರ್’ ಅಂದಿದ್ದರು. ಮಾಡಿದ್ದಾರೆ, ಸಂಘದ ದಾಖಲೆ ಕೊಟ್ಟು ಅವರ ಆಫೀಸಿನ ಹುಡುಗನ ಮೊಬೈಲ್ ನಂಬರಿಗೆ. ಈಗ ನಮ್ಮ ಖಾತೆಗೆ ನಾವೇ ಲಾಗಿನ್ ಆಗಬೇಕಂದ್ರೆ ಓಟಿಪಿ ಅವನಿಗೆ ಹೋಗುತ್ತೆ, ಅವನು ಕೆಲಸ ಬಿಟ್ಟಿದ್ದಾನಂತೆ.

ಡೆಮೋಗೆ ನಿಮ್ಮ ಪಟ್ಟಿಯನ್ನೇ ಕೊಡಿ. ಸದಸ್ಯರ ಖಾತೆ ಸಂಖ್ಯೆ, ಫೋನ್ ನಂಬರ್ ಕೊಡಬೇಡಿ, ಬರೀ ಹೆಸರು: ಕೃಷ್ಣಪ್ಪ, ಲಕ್ಷ್ಮಮ್ಮ, ಸಿದ್ಧಲಿಂಗಯ್ಯ. ನಿಮ್ಮೆದುರೇ ಪಿಡಿಎಫ್ ಆಗಲಿ, ಟೆಂಪ್ಲೇಟ್‌ನ ಪ್ರತಿ ಸಾಲಿನ ಮೇಲೂ ಕ್ಲಿಕ್ ಮಾಡಿ, ಅಕ್ಷರವೋ ಚಿತ್ರವೋ ನೋಡಿ. ಡಿಎಲ್‌ಟಿ ನಿಮ್ಮದೇ ನಂಬರಲ್ಲಿ ಮಾಡಿಸಿ. ‘ಮುಂದಿನ ರಿಲೀಸಲ್ಲಿ ಬರುತ್ತೆ’ ಅಂದ್ರೆ ಮುಂದಿನ ರಿಲೀಸ್ ಆದಮೇಲೇ ದುಡ್ಡು ಕೊಡ್ತೀವಿ ಅನ್ನಿ.

ನಮ್ಮ ನೋಟಿಸ್ ಕೊನೆಗೂ ವರ್ಡ್‌ನಲ್ಲೇ ಪ್ರಿಂಟ್ ಆಗಿ ಅಂಚೆಗೆ ಹೋಯ್ತು. ಒತ್ತಕ್ಷರ ಸರಿಯಾಗಿ ಬರೋ ಸಾಫ್ಟ್‌ವೇರ್ ನಿಜವಾಗಿ ಬಳಸ್ತಿರೋರು ಯಾರಾದ್ರೂ ಇದ್ರೆ ಹೇಳಿ. ಬಳಸ್ತಿರೋರು ಮಾತ್ರ, ಮಾರೋರು ದಯವಿಟ್ಟು ಬೇಡ.